ಯಾವುದು ಮೊದಲು ಮುಗಿಯಬೇಕು?

ಎರಡು ವಸ್ತುಗಳು ಕೂಡಿ ಮೂರನೆಯದೊಂದು ಹುಟ್ಟುವಾಗ ಅದು ಎಷ್ಟು ಹುಟ್ಟೀತು ಎಂಬುದನ್ನು ನಿರ್ಧರಿಸುವುದು ಮೊದಲೆರಡರ ಒಟ್ಟು ತೂಕವಲ್ಲ, ಅವುಗಳಲ್ಲಿ ಮೊದಲು ಮುಗಿದುಹೋಗುವ ವಸ್ತು. ರಸಾಯನಶಾಸ್ತ್ರದ ತರಗತಿಗಳಲ್ಲಿ ‘ಲಿಮಿಟಿಂಗ್ ರಿಏಜೆಂಟ್’ ಎಂದು ಕರೆಯಲಾಗುವ ಈ ವಸ್ತುವನ್ನು, ಕ್ರಿಯೆಗೆ ಮಿತಿ ಹಾಕುವುದು ಎಂಬ ಅರ್ಥದಲ್ಲಿ, ಮಿತಿಕಾರಕ ಎನ್ನಬಹುದು. ಅದು ಮುಗಿದ ಮೇಲೂ ಪಾತ್ರೆಯಲ್ಲಿ ಉಳಿಯುವುದು ಹೆಚ್ಚುವರಿ ಪ್ರತಿವರ್ತಕ. ಪದವಿಪೂರ್ವ ಹಂತದಲ್ಲಿ ಈ ವಿಷಯವನ್ನು ಕಲಿಸುವ ಕ್ರಮ ಬಹುಮಟ್ಟಿಗೆ ಒಗಟು ಬಿಡಿಸುವ ಕ್ರಮ: ಎರಡು ತೂಕಗಳನ್ನು ಕೊಟ್ಟು, ಮಿತಿಕಾರಕ ಯಾವುದೆಂದು ಪತ್ತೆಹಚ್ಚಿಸಿ, ಉತ್ಪನ್ನದ ತೂಕ ಬರೆಸಿ, ಅಲ್ಲಿಗೆ ಪಾಠ ಮುಗಿಸಲಾಗುತ್ತದೆ. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲವಾದರೂ ಈ ಕ್ರಮ ಎರಡು ಮುಖ್ಯ ಸಂಗತಿಗಳನ್ನು ಮರೆಮಾಡುತ್ತದೆ. ಪ್ರಯೋಗಾಲಯದಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಮಿತಿಕಾರಕವನ್ನು ಸಾಮಾನ್ಯವಾಗಿ ಯಾರೂ ಪತ್ತೆಹಚ್ಚುವುದಿಲ್ಲ, ಯಾವುದು ಮೊದಲು ಮುಗಿಯಬೇಕೆಂದು ಮೊದಲೇ ಗೊತ್ತುಮಾಡಿ ಅದಕ್ಕೆ ತಕ್ಕಂತೆ ತೂಗುತ್ತಾರೆ ಎಂಬುದು ಒಂದು. ಲೆಕ್ಕದಿಂದ ಸಿಗುವ ತೂಕ ‘ಇಷ್ಟು ಬರುತ್ತದೆ’ ಎಂಬ ಮಾತಲ್ಲ, ‘ಇದಕ್ಕಿಂತ ಹೆಚ್ಚು ಬಾರದು’ ಎಂಬ ಮಾತು ಎಂಬುದು ಇನ್ನೊಂದು.

ಲೆಕ್ಕದ ತಿರುಳು ಸರಳವಾದುದು. ಎರಡು ವೀಳ್ಯದೆಲೆಗೆ ಒಂದು ಅಡಿಕೆಯಂತೆ ತಾಂಬೂಲ ಜೋಡಿಸುವವರ ಮುಂದೆ ನೂರು ಎಲೆ, ಅರುವತ್ತು ಅಡಿಕೆ ಇದ್ದರೆ ಐವತ್ತು ತಾಂಬೂಲಗಳಾಗಿ ಹತ್ತು ಅಡಿಕೆ ಉಳಿಯುತ್ತವೆ. ಎಣಿಕೆಯಲ್ಲಿ ಎಲೆಯೇ ಹೆಚ್ಚಿದ್ದರೂ ಕೊರತೆ ಬೀಳುವುದು ಎಲೆಗೇ. ಆದರೆ ಎಲೆ ಇಷ್ಟು ಗ್ರಾಂ, ಅಡಿಕೆ ಇಷ್ಟು ಗ್ರಾಂ ಎಂದಷ್ಟೇ ಹೇಳಿದರೆ, ಒಂದು ಎಲೆಯ ತೂಕವೆಷ್ಟು, ಒಂದು ಅಡಿಕೆಯ ತೂಕವೆಷ್ಟು ಎಂದು ತಿಳಿಯದೆ ತಾಂಬೂಲಗಳ ಸಂಖ್ಯೆಯನ್ನು ಹೇಳಲು ಯಾರಿಂದಲೂ ಆಗದು. ರಸಾಯನಶಾಸ್ತ್ರಜ್ಞನ ಸ್ಥಿತಿ ಯಾವಾಗಲೂ ಈ ಎರಡನೆಯ ಬಗೆಯದು, ಏಕೆಂದರೆ ಅಣುಗಳು ಕೂಡುವುದು ಎಣಿಕೆಯಿಂದ, ಅವನ ತಕ್ಕಡಿ ತೋರಿಸುವುದು ತೂಕವನ್ನು. ಈ ಎರಡರ ನಡುವಿನ ಸೇತುವೆಯೇ ಮೋಲ್. ಡಜನ್ ಎಂದರೆ ಹನ್ನೆರಡು ಎಂಬಂತೆ ಮೋಲ್ ಎಂದರೆ ನಿಗದಿಯಾದ ಒಂದು ಭಾರಿ ಸಂಖ್ಯೆ (2019ರಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ 6.02214076 ಗುಣಿಸು 10ರ 23ನೇ ಘಾತ), ಮತ್ತು ಒಂದು ವಸ್ತುವಿನ ಅಣು ರಾಶಿಯನ್ನು ಗ್ರಾಂನಲ್ಲಿ ತೂಗಿದರೆ ಅಷ್ಟು ಅಣುಗಳು ಕೈಗೆ ಬರುತ್ತವೆ.

ಅಮೋನಿಯದ ಉದಾಹರಣೆಯಲ್ಲಿ ಇದನ್ನು ನೋಡಬಹುದು. ಸಾರಜನಕದ ಒಂದು ಅಣು ಜಲಜನಕದ ಮೂರು ಅಣುಗಳೊಂದಿಗೆ ಕೂಡಿ ಅಮೋನಿಯದ ಎರಡು ಅಣುಗಳಾಗುತ್ತವೆ. ಮೂರರ ಅಣು ರಾಶಿಗಳು ಅನುಕ್ರಮವಾಗಿ 28, 2 ಮತ್ತು 17. ಪಾತ್ರೆಯಲ್ಲಿ 56 ಕಿಲೋಗ್ರಾಂ ಸಾರಜನಕ, 10 ಕಿಲೋಗ್ರಾಂ ಜಲಜನಕ ಇವೆ ಎಂದಿಟ್ಟುಕೊಂಡರೆ, ಸಾರಜನಕ 2 ಸಾವಿರ ಮೋಲ್, ಜಲಜನಕ 5 ಸಾವಿರ ಮೋಲ್. ಅಷ್ಟೂ ಸಾರಜನಕ ಕೂಡಿಕೊಳ್ಳಲು 6 ಸಾವಿರ ಮೋಲ್ ಜಲಜನಕ ಬೇಕು. ಇರುವುದು ಐದೇ ಆದ್ದರಿಂದ ಮಿತಿಕಾರಕ ಜಲಜನಕವೇ. ಐದು ಸಾವಿರ ಮೋಲ್ ಜಲಜನಕದಿಂದ ಅದರ ಮೂರನೇ ಎರಡು ಪಾಲು, ಎಂದರೆ ಸುಮಾರು 3,333 ಮೋಲ್ ಅಮೋನಿಯ ಸಿಗಬಹುದು, ಅದರ ತೂಕ 56.67 ಕಿಲೋಗ್ರಾಂ. ಬಳಕೆಯಾದ ಸಾರಜನಕ 46.67 ಕಿಲೋಗ್ರಾಂ, ಉಳಿದದ್ದು 9.33 ಕಿಲೋಗ್ರಾಂ. ಉತ್ಪನ್ನವನ್ನೂ ಉಳಿಕೆಯನ್ನೂ ಕೂಡಿದರೆ 66 ಕಿಲೋಗ್ರಾಂ, ಅದೇ ಮೊದಲು ತುಂಬಿದ ಒಟ್ಟು ತೂಕ. ಈ ಕೊನೆಯ ಕೂಡಿಕೆಯನ್ನು ಉತ್ತರಪತ್ರಿಕೆಗಳಲ್ಲಿ ಕಾಣುವುದು ಅಪರೂಪ. ಲೆಕ್ಕ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳದೆ ತಿಳಿದುಕೊಳ್ಳಲು ವಿದ್ಯಾರ್ಥಿಗಿರುವ ಏಕೈಕ ಸಾಧನ ಅದೇ ಆದರೂ.

ಮೇಲಿನ ಉದಾಹರಣೆಯಲ್ಲಿ ತೂಕ ಕಡಿಮೆಯಿದ್ದದ್ದೇ ಮಿತಿಕಾರಕವಾದದ್ದು ಆಕಸ್ಮಿಕ, ಮತ್ತು ಅನೇಕರ ಮನಸ್ಸಿನಲ್ಲಿ ಬೇರೂರುವ ತಪ್ಪು ತಿಳಿವಳಿಕೆಯ ಮೂಲವೂ ಇಂತಹ ಆಕಸ್ಮಿಕವೇ. ರೈಲು ಹಳಿಗಳನ್ನು ಬೆಸೆಯಲು ಇಂದಿಗೂ ಬಳಕೆಯಲ್ಲಿರುವ, ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1895ರಲ್ಲಿ ಪೇಟೆಂಟ್ ಪಡೆದ ಥರ್ಮಿಟ್ ಕ್ರಿಯೆಯಲ್ಲಿ ಅಲ್ಯೂಮಿನಿಯಂ ಪುಡಿ ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಕಾದ ದ್ರವವಾಗಿ ಬಿಡುಗಡೆ ಮಾಡುತ್ತದೆ. ಒಂದು ಕಿಲೋಗ್ರಾಂ ಆಕ್ಸೈಡಿಗೆ 400 ಗ್ರಾಂ ಅಲ್ಯೂಮಿನಿಯಂ ಬೆರೆಸಿದರೆ, ತೂಕದಲ್ಲಿ ಎರಡೂವರೆ ಪಟ್ಟು ಹೆಚ್ಚಿರುವ ಆಕ್ಸೈಡೇ ಮೊದಲು ಮುಗಿಯುತ್ತದೆ, ಏಕೆಂದರೆ ಅಷ್ಟು ಆಕ್ಸೈಡಿಗೆ ಬೇಕಾಗುವ ಅಲ್ಯೂಮಿನಿಯಂ ಸುಮಾರು 338 ಗ್ರಾಂ ಮಾತ್ರ. ಸಿಗಬಹುದಾದ ಕಬ್ಬಿಣ ಸುಮಾರು 699 ಗ್ರಾಂ. ಉಳಿದ 62 ಗ್ರಾಂ ಅಲ್ಯೂಮಿನಿಯಂ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದಿಲ್ಲ, ಕರಗಿದ ಕಬ್ಬಿಣದೊಳಗೆ ಬೆರೆತು ಅದರ ಗುಣವನ್ನೇ ಬದಲಿಸುತ್ತದೆ. ಹಳಿ ಬೆಸೆಯುವವರಿಗೆ ಕಬ್ಬಿಣದ ತೂಕದಷ್ಟೇ ಈ ಉಳಿಕೆಯ ಚಿಂತೆಯೂ ಇರಬೇಕಾಗುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ ಅಗತ್ಯ, ಏಕೆಂದರೆ ಮೋಲ್ ತಿಳಿಯದೆ ಮಿತಿಕಾರಕ ತಿಳಿಯದು ಎಂಬ ಭಾವನೆ ಪಾಠಕ್ರಮದಿಂದ ಹುಟ್ಟಿಕೊಂಡದ್ದು, ವಿಷಯದಿಂದಲ್ಲ. ವಸ್ತುಗಳು ಕೂಡುವ ಪ್ರಮಾಣಗಳ ಲೆಕ್ಕಕ್ಕೆ ‘ಸ್ಟಾಯಿಕಿಯೊಮೆಟ್ರಿ’ ಎಂಬ ಹೆಸರು ಕೊಟ್ಟವನು ಜರ್ಮನಿಯ ಯೆರೆಮಿಯಾಸ್ ಬೆಂಜಮಿನ್ ರಿಕ್ಟರ್; ಮೂಲಧಾತು ಮತ್ತು ಅಳತೆ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಆ ಹೆಸರನ್ನು ಕಟ್ಟಿ ಅವನು ತನ್ನ ಗ್ರಂಥವನ್ನು ಪ್ರಕಟಿಸತೊಡಗಿದ್ದು 1792ರಲ್ಲಿ, ಎಂದರೆ ಡಾಲ್ಟನ್ನನ ಪರಮಾಣುವಾದದ ಗ್ರಂಥ 1808ರಲ್ಲಿ ಹೊರಬರುವುದಕ್ಕೆ ಹದಿನಾರು ವರ್ಷ ಮೊದಲು. ಇಂತಿಷ್ಟು ಆಮ್ಲವನ್ನು ತಟಸ್ಥಗೊಳಿಸಲು ಇಂತಿಷ್ಟು ಪ್ರತ್ಯಾಮ್ಲ ಬೇಕು, ಅದಕ್ಕಿಂತ ಹೆಚ್ಚು ಸುರಿದರೆ ಹೆಚ್ಚಿನದು ಹಾಗೆಯೇ ಉಳಿಯುತ್ತದೆ ಎಂದು ಹೇಳಲು ಅವನಿಗೆ ಅಣುಗಳ ನೆರವು ಬೇಕಾಗಿರಲಿಲ್ಲ. ನೀರಿನಲ್ಲಿ ಜಲಜನಕದ ಒಂದು ಪರಮಾಣುವಿಗೆ ಆಮ್ಲಜನಕದ ಒಂದೇ ಪರಮಾಣು ಇದೆ ಎಂದು ಡಾಲ್ಟನ್ ಭಾವಿಸಿದ್ದ. ಆ ಊಹೆ ತಪ್ಪಾಗಿತ್ತು, ಅದು ತಿದ್ದಿಹೋಗುವಷ್ಟರಲ್ಲಿ ಅರ್ಧ ಶತಮಾನ ಕಳೆಯಿತು. ಆದರೆ ಆ ತಪ್ಪು ಸೂತ್ರವನ್ನೇ ಹಿಡಿದು, ಅದಕ್ಕೆ ಹೊಂದುವಂತೆ ಆಮ್ಲಜನಕದ ಪರಮಾಣು ರಾಶಿಯನ್ನು 16ರ ಬದಲು 8 ಎಂದಿಟ್ಟುಕೊಂಡು ಲೆಕ್ಕ ಹಾಕಿದರೂ, ಒಂದು ಗ್ರಾಂ ಜಲಜನಕಕ್ಕೆ ಎಂಟು ಗ್ರಾಂ ಆಮ್ಲಜನಕ ಬೇಕು, ಒಂಬತ್ತು ಗ್ರಾಂ ನೀರು ಸಿಗುತ್ತದೆ ಎಂಬ ಉತ್ತರ ಮಾತ್ರ ಕದಲುವುದಿಲ್ಲ. ಮಿತಿಕಾರಕವನ್ನು ತೀರ್ಮಾನಿಸುವುದು ತೂಕಗಳ ಸ್ಥಿರ ಪ್ರಮಾಣ. ಮೋಲ್ ಆ ಪ್ರಮಾಣವನ್ನು ನೆನಪಿಟ್ಟುಕೊಳ್ಳಲು ಇರುವ ಅನುಕೂಲಕರ ಭಾಷೆ.

ಈ ಮಾತಿಗೆ ಸಾಬೂನಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾದಂದಿನಿಂದ ಕನ್ನಡನಾಡಿಗೆ ಈ ಉದ್ಯಮ ಪರಿಚಿತವಾದದ್ದೇ. ಶ್ರೀಗಂಧದ ಪರಿಮಳದ ಹಿಂದಿರುವ ರಾಸಾಯನಿಕ ಕ್ರಿಯೆಯಾದರೋ ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಂದಿಗೆ ಕೂಡಿಸಿ ಸಾಬೂನು ಮತ್ತು ಗ್ಲಿಸರಿನ್ ಪಡೆಯುವುದು. ಕೊಬ್ಬರಿ ಎಣ್ಣೆ ಒಂದೇ ಬಗೆಯ ಅಣುಗಳಿಂದಾದ ವಸ್ತುವಲ್ಲ, ಹಲವು ಕೊಬ್ಬುಗಳ ಮಿಶ್ರಣ, ಆದ್ದರಿಂದ ಅದಕ್ಕೆ ಒಂದು ನಿರ್ದಿಷ್ಟ ಅಣು ರಾಶಿ ಎಂಬುದೇ ಇಲ್ಲ ಮತ್ತು ಪಠ್ಯಪುಸ್ತಕದ ವಿಧಾನ ಮೊದಲ ಹೆಜ್ಜೆಯಲ್ಲೇ ನಿಂತುಹೋಗುತ್ತದೆ. ಸಾಬೂನು ತಯಾರಕರು ಅದರ ಬದಲು ಬಳಸುವುದು ಸಾಬೂನೀಕರಣ ಸಂಖ್ಯೆಯನ್ನು: ಒಂದು ಗ್ರಾಂ ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬುದನ್ನು ಪ್ರಯೋಗದಿಂದ ಅಳೆದ ಅಂಕಿ. ಕೊಬ್ಬರಿ ಎಣ್ಣೆಗೆ ಇದು ಸುಮಾರು 257. ಕಾಸ್ಟಿಕ್ ಸೋಡಾಕ್ಕೆ ಪರಿವರ್ತಿಸಿದರೆ ಒಂದು ಕಿಲೋಗ್ರಾಂ ಎಣ್ಣೆಗೆ ಸುಮಾರು 183 ಗ್ರಾಂ. ರಿಕ್ಟರ್ ಈ ಅಂಕಿಯನ್ನು ಕಂಡಿದ್ದರೆ ಒಡನೆಯೇ ಅದರ ಅರ್ಥ ಹಿಡಿಯುತ್ತಿದ್ದ.

ಈಗ ಪ್ರಶ್ನೆ ಬರುವುದು ಇಲ್ಲಿ: ಮಿತಿಕಾರಕ ಯಾವುದಾಗಬೇಕು? ಸಾಬೂನಿನಲ್ಲಿ ಕಾಸ್ಟಿಕ್ ಸೋಡಾ ಉಳಿದರೆ ಅದು ಚರ್ಮವನ್ನು ಸುಡುತ್ತದೆ, ಎಣ್ಣೆ ಉಳಿದರೆ ಹೆಚ್ಚೆಂದರೆ ಸಾಬೂನು ಮೃದುವಾಗಿ ನೊರೆ ಸ್ವಲ್ಪ ಕಡಿಮೆಯಾಗುತ್ತದೆ. ಎಣ್ಣೆಯನ್ನು ಕುದಿಸದೆ ತಣ್ಣಗೆ ಕಲಸಿ ಸಾಬೂನು ಮಾಡುವವರು ಹಾಗಾಗಿ ಲೆಕ್ಕಕ್ಕೆ ಬಂದ 183 ಗ್ರಾಂ ಸೋಡಾದಲ್ಲಿ ಶೇಕಡಾ ಐದರಷ್ಟನ್ನು ಬೇಕೆಂದೇ ಕಳೆದು 174 ಗ್ರಾಂ ಮಾತ್ರ ಹಾಕುತ್ತಾರೆ. ಆಗ ಸೋಡಾ ಮಿತಿಕಾರಕವಾಗುತ್ತದೆ, ಕ್ರಿಯೆಗೆ ಸಿಗುವ ಎಣ್ಣೆ ಸುಮಾರು 951 ಗ್ರಾಂ, ಹುಟ್ಟುವ ಶುದ್ಧ ಸಾಬೂನು ಸುಮಾರು 990 ಗ್ರಾಂ, ಗ್ಲಿಸರಿನ್ ಸುಮಾರು 134 ಗ್ರಾಂ, ಮತ್ತು ಐವತ್ತು ಗ್ರಾಂನಷ್ಟು ಎಣ್ಣೆ ಎಣ್ಣೆಯಾಗಿಯೇ ಬಿಲ್ಲೆಯೊಳಗೆ ಉಳಿಯುತ್ತದೆ. ದೊಡ್ಡ ಕಡಾಯಿಗಳಲ್ಲಿ ಕುದಿಸಿ ಮಾಡುವ ಪದ್ಧತಿಯಲ್ಲಾದರೋ ಆಯ್ಕೆ ತಿರುವುಮುರುವಾಗುತ್ತದೆ: ಅಲ್ಲಿ ಸೋಡಾವನ್ನೇ ಹೆಚ್ಚುವರಿಯಾಗಿ ಹಾಕಿ, ಎಣ್ಣೆಯೆಲ್ಲ ಮುಗಿದ ಮೇಲೆ ಉಪ್ಪುನೀರು ಸೇರಿಸಿ ಸಾಬೂನನ್ನು ಮೇಲೆ ತೇಲಿಸಿ, ಮಿಕ್ಕ ಸೋಡಾವನ್ನೂ ಗ್ಲಿಸರಿನ್ನನ್ನೂ ಕೆಳಗಿನ ದ್ರವದೊಂದಿಗೆ ಬಸಿದು ತೆಗೆಯಲಾಗುತ್ತದೆ. ಎಣ್ಣೆ ಅದೇ, ಸೋಡಾ ಅದೇ, ಸಮೀಕರಣವೂ ಅದೇ. ಆದರೆ ಉಳಿದದ್ದನ್ನು ತೊಳೆದು ತೆಗೆಯುವ ಅನುಕೂಲ ಇದ್ದಲ್ಲಿ ಎಣ್ಣೆ ಮಿತಿಕಾರಕ, ಇಲ್ಲದಲ್ಲಿ ಸೋಡಾ ಮಿತಿಕಾರಕ. ಇಂತಹ ತೀರ್ಮಾನವನ್ನು ಯಾವ ಸಮೀಕರಣವೂ ತಾನಾಗಿ ಹೇಳಿಕೊಡುವುದಿಲ್ಲ.

ಆಯ್ಕೆಯ ಈ ಗುಣ ಬೇರೆ ಕಡೆಗಳಲ್ಲೂ ಅಷ್ಟೇ ಸ್ಪಷ್ಟ. ನೀರಿನ ಮಾದರಿಯೊಂದರಲ್ಲಿ ಎಷ್ಟು ಸಲ್ಫೇಟ್ ಇದೆ ಎಂದು ತಿಳಿಯಬೇಕಾದ ವಿಶ್ಲೇಷಕ ಅದಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣವನ್ನು ಅಗತ್ಯಕ್ಕಿಂತ ಹೆಚ್ಚು ಸುರಿದು, ತಳಕ್ಕಿಳಿದ ಬಿಳಿಯ ಬೇರಿಯಂ ಸಲ್ಫೇಟನ್ನು ಸೋಸಿ, ಒಣಗಿಸಿ ತೂಗುತ್ತಾನೆ; ಅದರ ನೂರು ಗ್ರಾಂಗೆ ಸುಮಾರು 41.2 ಗ್ರಾಂ ಸಲ್ಫೇಟ್. ಇಲ್ಲಿ ಅಳತೆ ಗೊತ್ತಿಲ್ಲದ ವಸ್ತುವೇ ಮಿತಿಕಾರಕವಾಗಬೇಕು, ಏಕೆಂದರೆ ಬೇರಿಯಂ ಮೊದಲು ಮುಗಿದರೆ ತಕ್ಕಡಿ ತೋರಿಸುವುದು ಸುರಿದ ಬೇರಿಯಂ ಎಷ್ಟೆಂಬುದನ್ನು, ಹುಡುಕುತ್ತಿರುವ ಸಲ್ಫೇಟನ್ನಲ್ಲ. ಪದವಿ ಕಾಲೇಜುಗಳಲ್ಲಿ ಆಸ್ಪಿರಿನ್ ತಯಾರಿಸುವ ಪ್ರಯೋಗದಲ್ಲಿ 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲಕ್ಕೆ 5 ಮಿಲಿಲೀಟರ್ ಅಸೆಟಿಕ್ ಅನ್‌ಹೈಡ್ರೈಡ್ ಹಾಕಿದರೆ, ಅದು ಅಗತ್ಯದ ಮೂರೂವರೆ ಪಟ್ಟಿಗಿಂತಲೂ ಹೆಚ್ಚು. ಉಳಿದದ್ದಕ್ಕೆ ಕೊನೆಯಲ್ಲಿ ನೀರು ಹಾಕಿದರೆ ಅದು ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲವಾಗಿ ಮಾರ್ಪಟ್ಟು ಹರಳುಗಳಿಂದ ಸುಲಭವಾಗಿ ಬೇರೆಯಾಗುತ್ತದೆ, ಆದರೆ ಸ್ಯಾಲಿಸಿಲಿಕ್ ಆಮ್ಲ ಉಳಿದಿದ್ದರೆ ಅದನ್ನು ಆಸ್ಪಿರಿನ್‌ನಿಂದ ಬೇರ್ಪಡಿಸುವುದು ತೊಡಕಿನ ಕೆಲಸ. ಬೆಲೆ, ಅಪಾಯ, ಶುದ್ಧೀಕರಣದ ಸೌಕರ್ಯ, ಅಳತೆಯ ನಿಖರತೆ, ಹೀಗೆ ಮಿತಿಕಾರಕವನ್ನು ನೇಮಿಸುವ ಕಾರಣಗಳು ಹಲವಿದ್ದು, ‘ಯಾವುದೋ ಒಂದು ಕಡಿಮೆ ಬಿದ್ದಿತು’ ಎಂಬುದು ಅವುಗಳಲ್ಲಿ ಬಹಳ ವಿರಳ.

ಎರಡನೆಯ ಸಂಗತಿಗೆ, ಎಂದರೆ ಲೆಕ್ಕದ ಉತ್ತರ ಗರಿಷ್ಠ ಮಿತಿಯೇ ಹೊರತು ಭವಿಷ್ಯವಾಣಿಯಲ್ಲ ಎಂಬುದಕ್ಕೆ, ಮತ್ತೆ ಅಮೋನಿಯಕ್ಕೇ ಮರಳಬೇಕು. ಫ್ರಿಟ್ಸ್ ಹೇಬರ್ ಪ್ರಯೋಗಾಲಯದಲ್ಲಿ ಸಾಧಿಸಿದ್ದನ್ನು ಕಾರ್ಲ್ ಬಾಷ್ ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿ, 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಉತ್ಪಾದನೆ ಆರಂಭವಾದಾಗಿನಿಂದ ಇಂದಿನವರೆಗೂ ಈ ಕ್ರಿಯೆ ಒಂದೇ ಸುತ್ತಿನಲ್ಲಿ ಎಂದೂ ಪೂರ್ತಿಯಾಗಿಲ್ಲ. ಹುಟ್ಟಿದ ಅಮೋನಿಯ ಮತ್ತೆ ಒಡೆದು ಮೂಲ ಅನಿಲಗಳಾಗುವುದೂ ಅದೇ ಪಾತ್ರೆಯಲ್ಲಿ ನಡೆಯುವುದರಿಂದ, ಮುಂದಿನ ಮತ್ತು ಹಿಂದಿನ ವೇಗಗಳು ಸಮವಾಗುವ ಸಮಸ್ಥಿತಿ ಎಂಬ ಹಂತದಾಚೆಗೆ ಉತ್ಪನ್ನ ಹೆಚ್ಚಲಾರದು; ನೂರೈವತ್ತು, ಇನ್ನೂರು ವಾತಾವರಣಗಳ ಒತ್ತಡದಲ್ಲೂ ಒಂದು ಸುತ್ತಿಗೆ ಕೂಡಿಕೊಳ್ಳುವ ಅನಿಲ ಸುಮಾರು ಶೇಕಡಾ 15 ಮಾತ್ರ. ಅಮೋನಿಯವನ್ನು ತಂಪುಗೊಳಿಸಿ ದ್ರವವಾಗಿ ಹೊರತೆಗೆದು, ಮಿಕ್ಕ ಅನಿಲವನ್ನು ಮತ್ತೆ ಮತ್ತೆ ಒಳಗೆ ತಿರುಗಿಸುವುದರಿಂದಲೇ ಕಾರ್ಖಾನೆ ಲೆಕ್ಕದ ಮಿತಿಯ ಹತ್ತಿರ ಹೋಗುತ್ತದೆ. ಹಿಂದೆ ಲೆಕ್ಕ ಹಾಕಿದ 56.67 ಕಿಲೋಗ್ರಾಂ ಒಂದೇ ಸುತ್ತಿನಲ್ಲಿ ಕೈಗೆ ಬರುವುದಿಲ್ಲ ಎಂಬುದನ್ನು ಹೇಳದೆ ಆ ಅಂಕಿಯನ್ನು ‘ಉತ್ಪತ್ತಿಯಾಗುವ ಅಮೋನಿಯ’ ಎಂದು ಬರೆಸುವುದು ವಿದ್ಯಾರ್ಥಿಗೆ ಅರ್ಧ ಸತ್ಯ ಕಲಿಸಿದಂತೆ. ತಾಂಬೂಲದ ಹೋಲಿಕೆಯೂ ಕೈಕೊಡುವುದು ಇಲ್ಲಿಯೇ, ಏಕೆಂದರೆ ಜೋಡಿಸಿಟ್ಟ ತಾಂಬೂಲ ತಾನಾಗಿ ಬಿಚ್ಚಿಕೊಂಡು ಎಲೆ ಅಡಿಕೆಯಾಗುವುದಿಲ್ಲ.

ಇದಕ್ಕಿಂತಲೂ ಆಳವಾದ ಊಹೆಯೊಂದು ಈ ಲೆಕ್ಕದೊಳಗೆ ಅಡಗಿದೆ: ಪಾತ್ರೆಯಲ್ಲಿ ನಡೆಯುವುದು ಒಂದೇ ಕ್ರಿಯೆ, ಹೆಚ್ಚುವರಿ ಪ್ರತಿವರ್ತಕ ನಿಷ್ಕ್ರಿಯವಾಗಿ ಉಳಿಯುತ್ತದೆ ಎಂಬ ಊಹೆ. ಅದನ್ನು ಸುಳ್ಳಾಗಿಸುವ ಪ್ರಯೋಗ ಪ್ರೌಢಶಾಲೆಯ ಪ್ರತಿ ಮಗುವೂ ನೋಡಿರಬಹುದಾದದ್ದು. ಸುಣ್ಣದ ತಿಳಿನೀರಿಗೆ ಇಂಗಾಲದ ಡೈಆಕ್ಸೈಡ್ ಊದಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಹುಟ್ಟಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಊದುವುದನ್ನು ಮುಂದುವರಿಸಿದರೆ ಬಿಳುಪು ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ, ಏಕೆಂದರೆ ಹೆಚ್ಚಾದ ಅನಿಲ ಆ ಕಾರ್ಬೊನೇಟನ್ನೇ ಕರಗುವ ಬೈಕಾರ್ಬೊನೇಟಾಗಿ ಬದಲಾಯಿಸುತ್ತದೆ. ಸುಣ್ಣವನ್ನು ಮಿತಿಕಾರಕವೆಂದು ಹಿಡಿದು ಕಾರ್ಬೊನೇಟಿನ ತೂಕವನ್ನು ನಿಯಮದಂತೆ ಕಂಡುಹಿಡಿದವರ ಮುಂದೆ ಕೊನೆಯಲ್ಲಿ ಇರುವುದು ತಳದಲ್ಲಿ ಏನೂ ಇಲ್ಲದ ಗಾಜಿನ ನಳಿಗೆ. ಉರಿಯುವ ಇದ್ದಿಲಿನ ವಿಷಯದಲ್ಲಿ ಇದೇ ಮಾತು ಪ್ರಾಣಾಪಾಯಕ್ಕೆ ತಿರುಗುತ್ತದೆ. ಹನ್ನೆರಡು ಗ್ರಾಂ ಇಂಗಾಲ ಪೂರ್ತಿ ಉರಿಯಲು 32 ಗ್ರಾಂ ಆಮ್ಲಜನಕ ಬೇಕು; 24 ಗ್ರಾಂ ಮಾತ್ರ ಸಿಕ್ಕಿತೆಂದರೆ ಪಠ್ಯದ ನಿಯಮ ಹೇಳುವುದು 33 ಗ್ರಾಂ ಡೈಆಕ್ಸೈಡ್ ಹುಟ್ಟಿ 3 ಗ್ರಾಂ ಇಂಗಾಲ ಉಳಿಯುತ್ತದೆ ಎಂದು. ಕೆಂಡದ ಬಿಸಿಯಲ್ಲಿ ಆ ಇಂಗಾಲ ಉಳಿಯದೆ, ಹುಟ್ಟಿದ ಡೈಆಕ್ಸೈಡಿನೊಂದಿಗೇ ಕೂಡಿ ಮಾನಾಕ್ಸೈಡ್ ಆಗಬಲ್ಲದು. ಇಂಗಾಲವೆಲ್ಲ ಹಾಗೆ ಕೂಡಿದರೆ ಲೆಕ್ಕ ಬದಲಾಗಿ 22 ಗ್ರಾಂ ಡೈಆಕ್ಸೈಡ್, 14 ಗ್ರಾಂ ವಿಷಕಾರಿ ಮಾನಾಕ್ಸೈಡ್ ಆಗುತ್ತದೆ. ಎರಡೂ ಲೆಕ್ಕಗಳಲ್ಲಿ ಒಟ್ಟು ತೂಕ 36 ಗ್ರಾಂ, ಆದ್ದರಿಂದ ತಕ್ಕಡಿಗೆ ಎರಡರಲ್ಲೂ ತಪ್ಪು ಕಾಣದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಸಾಯುವುದು ಆಮ್ಲಜನಕ ಮಿತಿಕಾರಕವಾದಾಗ ಉತ್ಪನ್ನ ಕಡಿಮೆಯಾಗುವುದರಿಂದಲ್ಲ, ಉತ್ಪನ್ನವೇ ಬೇರೆಯಾಗುವುದರಿಂದ.

ಮಿತಿಕಾರಕದ ಕಲ್ಪನೆ ಪ್ರಯೋಗಾಲಯ ದಾಟಿ ಹೊಲಕ್ಕೂ ಹೋಗಿದೆ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಅತ್ಯಂತ ಕೊರತೆಯಿರುವ ಪೋಷಕಾಂಶ ಎಂದು ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಹೇಳಿದ್ದನ್ನು ಯುಸ್ಟಸ್ ಲೀಬಿಗ್ ಪ್ರಚುರಪಡಿಸಿದ. ಪೊಟ್ಯಾಷ್ ಕೊರತೆಯ ಹೊಲಕ್ಕೆ ಯೂರಿಯಾದ ಮೇಲೆ ಯೂರಿಯಾ ಸುರಿದರೆ ಫಲವಿಲ್ಲ ಎಂಬ ಮಟ್ಟಿಗೆ ಅದು ನಿಜವೇ. ಆದರೂ ಗಿಡವೆಂಬುದು ಸಮೀಕರಣವಲ್ಲ, ಪೋಷಕಾಂಶಗಳನ್ನು ಅದು ಕಟ್ಟುನಿಟ್ಟಾದ ಪ್ರಮಾಣದಲ್ಲಿ ಹೀರುವುದಿಲ್ಲವಾದ್ದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ. ಎಳೆಯಬಹುದಾದದ್ದು ಒಂದನ್ನು ಮಾತ್ರ: ಅಲ್ಲಿಯೂ ಹೆಚ್ಚುವರಿ ಸುಮ್ಮನೆ ಬಿದ್ದಿರುವುದಿಲ್ಲ, ಬೆಳೆ ಬಳಸದ ಸಾರಜನಕ ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುತ್ತದೆ.

ಪಾಠಕ್ರಮದಲ್ಲಿ ಇದಕ್ಕಾಗಿ ಹೊಸ ಅಧ್ಯಾಯವೇನೂ ಬೇಕಾಗಿಲ್ಲ. ಪ್ರತಿಯೊಂದು ಪ್ರತಿವರ್ತಕವೂ ಪೂರ್ತಿ ಮುಗಿದರೆ ಎಷ್ಟು ಉತ್ಪನ್ನ ಬಂದೀತೆಂದು ಬೇರೆಬೇರೆಯಾಗಿ ಲೆಕ್ಕ ಹಾಕಿ ಚಿಕ್ಕ ಉತ್ತರವನ್ನು ಆರಿಸುವ ವಿಧಾನ, ಮೋಲ್‌ಗಳನ್ನು ಗುಣಾಂಕಗಳಿಂದ ಭಾಗಿಸಿ ಚಿಕ್ಕದನ್ನು ಆರಿಸುವ ಒಳದಾರಿಗಿಂತ ಎರಡು ಸಾಲು ಉದ್ದವಾದರೂ ಏನು ನಡೆಯುತ್ತಿದೆ ಎಂಬುದನ್ನು ತಾನೇ ವಿವರಿಸುತ್ತದೆ. ತರಗತಿಯಲ್ಲಿ ಅದಕ್ಕೇ ಮೊದಲ ಸ್ಥಾನ ಸಲ್ಲಬೇಕು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ‘ಎಷ್ಟು ಉತ್ಪನ್ನ ದೊರೆಯುತ್ತದೆ’ ಎಂದು ಕೇಳುವಲ್ಲಿ ‘ಹೆಚ್ಚೆಂದರೆ ಎಷ್ಟು ದೊರೆಯಬಹುದು’ ಎಂದು ಕೇಳಲಿ. ಅದರ ಕೆಳಗೆ, ಉಳಿದದ್ದು ಎಷ್ಟು, ಅದು ಎಲ್ಲಿಗೆ ಹೋಗುತ್ತದೆ ಎಂಬ ಇನ್ನೊಂದು ಪ್ರಶ್ನೆಯನ್ನು ಎರಡು ಅಂಕಗಳಿಗೆ ಸೇರಿಸಲಿ.